ಬಂಡೆಯಮ್ಮ ಕೊಡದ ಹೂವು

ಮಧುಗಿರಿಯ ಮಹಾಶಿಲೆಯ ಮೇಲೆ ಮಳೆ ಬೀಳುವುದನ್ನು ಒಮ್ಮೆಯಾದರೂ ಕಣ್ತುಂಬ ನೋಡಿದ ಓದುಗರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಸಮುದ್ರಮಟ್ಟದಿಂದ ಹತ್ತಿರ ಹತ್ತಿರ ನಾಲ್ಕು ಸಾವಿರ ಅಡಿ ಎತ್ತರಕ್ಕೆ ಒಂದೇ ಕಲ್ಲಾಗಿ ಎದ್ದು ನಿಂತ ಆ ಗಿರಿಯ ನೆತ್ತಿಗೆ ಹಿಂಗಾರಿನ ಮೋಡ ಕ್ಷಣಕಾಲ ತಲೆಯಾನಿಸಿ ನಿಲ್ಲುತ್ತದೆ. ಆಮೇಲೆ, ಬಹುಕಾಲ ತಡೆಹಿಡಿದ ಅಳು ಒಮ್ಮೆಗೇ ಒಡೆದಂತೆ, ಸಹಸ್ರ ಜಲರೇಖೆಗಳು ಆ ನಗ್ನಶಿಲೆಯ ಮೈಮೇಲೆ ಬೆಳ್ಳಿಯ ಎಳೆಗಳಾಗಿ ಇಳಿಯತೊಡಗುತ್ತವೆ... ಕೋಟೆಯ ಒಡೆದ ಬುರುಜುಗಳನ್ನು ಬಳಸಿ, ಹೆಜ್ಜೇನು ಕಟ್ಟಿದ ಕಡಿದಾದ ಕಮರಿಗಳನ್ನು ಹಾದು, ಆ ನೀರು ಊರಿನ ಹಿತ್ತಲುಗಳನ್ನು ಮುಟ್ಟುವ ಹೊತ್ತಿಗೆ ಮೇಲೆ ಮೋಡ ಕರಗಿ ಎಳೆಬಿಸಿಲು ಹೊಳೆದಿರುತ್ತದೆ. ಒಂದು ಗಳಿಗೆ ಕಳೆಯುವುದರೊಳಗೆ ಬಂಡೆ ಒಣಗಿ, ಬೂದುಬಣ್ಣಕ್ಕೆ ತಿರುಗಿ, ಏನೂ ನಡೆಯಲೇ ಇಲ್ಲವೆಂಬಂತೆ ನಿರ್ವಿಕಾರವಾಗಿ ನಿಂತುಬಿಡುತ್ತದೆ!

ಮನುಷ್ಯರು ಕೊರೆದ ಕೆಲವು ದೊಣೆಗಳನ್ನು ಬಿಟ್ಟರೆ, ಅಷ್ಟು ಮಳೆಯಲ್ಲಿ ಒಂದು ಬೊಗಸೆಯನ್ನೂ ಆ ಕಲ್ಲು ತನಗೆಂದು ಇಟ್ಟುಕೊಳ್ಳುವುದಿಲ್ಲ. ಆದರೆ ಅದೇ ಬೆಟ್ಟದಿಂದ ಯಾವ ಕಾಲದಲ್ಲೋ ಉರುಳಿಬಂದ ಒಂದು ತುಂಡು, ಒಂದು ಕಾರ್ತಿಕದ ಶುಕ್ರವಾರ, ಹೆಬ್ಬೆರಳಿನಗಲದ ಒಂದು ಒದ್ದೆ ಹೂವನ್ನು ಹಿಡಿದುಕೊಂಡಿತು... ಹಿಡಿದದ್ದನ್ನು ಬಿಡಲೇ ಇಲ್ಲ.

ಸಾವಿರದ ಒಂಬೈನೂರ ಮೂವತ್ತೇಳನೆಯ ಇಸವಿಯ ಮಾತು ಇದು. ಕೋಟೆಯ ಮೊದಲ ಬಾಗಿಲಿನ ಕೆಳಗೆ, ಹಿಂದೆ ಪಾಳೆಯಗಾರರ ಕಾಲದಲ್ಲಿ ಕಾವಲಿಗಿದ್ದ ಮನೆತನಗಳ ಒಂದು ಕಿರಿದಾದ ಕೇರಿ. ಅದರ ಮೂರನೆಯ ಮನೆ ಬೊಮ್ಮಣ್ಣನದು. ಬೊಮ್ಮಣ್ಣ ಸಬ್‌ಡಿವಿಜನ್ ಕಚೇರಿಯಲ್ಲಿ ದಫೇದಾರ. ಎದೆಯ ಮೇಲೆ ಕೆಂಪು ಪಟ್ಟಿ, ಪಟ್ಟಿಯ ಮೇಲೆ ಹಿತ್ತಾಳೆಯ ಬಿಲ್ಲೆ. ಹೆಂಡತಿ ಮುದ್ದಕ್ಕ; ಒಬ್ಬಳೇ ಮಗಳು ಜಯಕ್ಕ. ಹದಿನೇಳು ವರ್ಷದ ಆ ಹುಡುಗಿ ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದ್ದಳು. ಅವಳ ಮುಖದಲ್ಲಿ ಚೆಲುವಿಗಿಂತ ಮೊದಲು ಕಾಣುತ್ತಿದ್ದದ್ದು ಒಂದು ಬಗೆಯ ಎಚ್ಚರ: ದೀಪವನ್ನು ಗಾಳಿಯಲ್ಲಿ ಹಿಡಿದು ನಡೆಯುವವರ ಮುಖದಲ್ಲಿರುತ್ತದಲ್ಲ, ಅಂಥದು.

ಅದೇ ಕೇರಿಯ ಕೊನೆಯ ಮನೆಯಲ್ಲಿ ಸೋದರತ್ತೆಯ ಆಸರೆಯಲ್ಲಿ ಬೆಳೆದ ಓಬಳೇಶ ಐದು ವರ್ಷಗಳಿಂದ ಬೆಂಗಳೂರಿನ ದಂಡಿನಲ್ಲಿ, ಇಂಗ್ಲಿಷರ ಕಂಟೋನ್ಮೆಂಟಿನಲ್ಲಿ, ಒಬ್ಬ ದೊರೆಯ ಬಂಗಲೆಯ ಮಾಲಿ. ವರ್ಷಕ್ಕೆ ಎರಡು ಸಲ ಊರಿಗೆ ಬರುತ್ತಿದ್ದ. ಬಂದಾಗಲೆಲ್ಲ ಬೊಮ್ಮಣ್ಣನ ಜಗಲಿಯಲ್ಲಿ ಕುಳಿತು ದಂಡಿನ ಸುದ್ದಿ ಹೇಳುತ್ತಿದ್ದ. ಹೇಳುವ ಮಾತು ಅಪ್ಪನಿಗೆ, ಹೇಳುವ ದನಿ ಮಗಳಿಗೆ ಎಂಬುದು ಕೇರಿಗೆಲ್ಲ ತಿಳಿದಿತ್ತು. ಆ ವರ್ಷದ ಸಂಕ್ರಾಂತಿಗೆ ಅವನು ಎಳ್ಳುಬೆಲ್ಲದ ಜೊತೆಗೆ ಒಂದು ಸಿಗರೇಟಿನ ಡಬ್ಬಿ ತಂದಿದ್ದ. ಡಬ್ಬಿಯೊಳಗೆ ಒದ್ದೆ ಪಾಚಿ, ಪಾಚಿಯ ಮೇಲೆ ತೊಟ್ಟುಸಹಿತವಾದ ಎರಡು ಎಲೆ. ದಪ್ಪನೆಯ, ದುಂಡನೆಯ, ಮೈತುಂಬ ನವಿರು ರೋಮದ ಎಲೆಗಳು. ಹಿತ್ತಲಿನ ಹೊಸ್ತಿಲಲ್ಲಿ ನಿಂತು ಅದನ್ನು ಕೊಟ್ಟಾಗ ಅವನು ಹೇಳಿದ್ದು ಇಷ್ಟು:

"ತೊಟ್ಟು ಮಣ್ಣಿಗೆ ಸಿಗಿಸು, ಗಿಡ ಆಯ್ತದೆ. ಮ್ಯಾಲಿಂದ ಮಾತ್ರ ನೀರು ಬುಡಬ್ಯಾಡ. ಒಂದು ಹನಿ ಸೋಕಿದ್ರೂ ಕೆಡ್ತದೆ. ಇದು ಹೂ ಬುಟ್ಟ ದಿನ ಕಾಗದ ಹಾಕು... ನಮ್ಮತ್ತೆ ಕೈಲಿ ನಿಮ್ಮಪ್ಪನ್ನ ಕೇಳಿಸ್ತೀನಿ."

ಐದು ವರ್ಷ ಕಾದ ಮಾತು ಐದು ಉಸಿರಿನಲ್ಲಿ ಮುಗಿದುಹೋಯಿತು! ಜಯಕ್ಕ ಡಬ್ಬಿಯನ್ನು ಎರಡು ಕೈಯಿಂದ ಹಿಡಿದುಕೊಂಡಳು.

ಈ ಗಿಡದ ಬಗ್ಗೆ ಎರಡು ಮಾತು ನಿಖರವಾಗಿ ಹೇಳಿಬಿಡುವುದು ಒಳ್ಳೆಯದು. ಇದನ್ನು ಇಂಗ್ಲಿಷರು ಆಫ್ರಿಕನ್ ವಯೊಲೆಟ್ ಎನ್ನುತ್ತಾರಾದರೂ ನಿಜವಾದ ವಯೊಲೆಟ್ಟಿನ ಕುಲಕ್ಕೂ ಇದಕ್ಕೂ ನಂಟಿಲ್ಲ. ಪೂರ್ವ ಆಫ್ರಿಕಾದ ಬೆಟ್ಟಗಳಲ್ಲಿ, ಹೆಮ್ಮರಗಳ ನೆರಳಿನ ಕೆಳಗೆ, ಪಾಚಿಗಟ್ಟಿದ ಬಂಡೆಗಳ ಸಂದಿಯಲ್ಲಿ ಇದರ ಹುಟ್ಟು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನ್ ಅಧಿಕಾರಿಯೊಬ್ಬ ಕಳಿಸಿದ ಬೀಜದಿಂದ ಯುರೋಪಿನ ಗಾಜಿನ ಮನೆಗಳನ್ನು ಸೇರಿತು. ಬೆಳಕು ಬೇಕು, ಬಿಸಿಲು ಬೇಡ. ತೇವ ಬೇಕು, ನೀರು ಬೇಡ. ಹೀಗೆ ಅರೆಮನಸ್ಸಿನವರಂತೆ ಬದುಕುವ ಗಿಡ ಅದು. ಮಧುಗಿರಿಯ ಮಣ್ಣು ಅದುವರೆಗೆ ಅಂಥ ಮುನಿಸುಗಾತಿಯನ್ನು ಕಂಡಿರಲಿಲ್ಲ.

ಮೊದಲ ಎಲೆಯನ್ನು ಜಯಕ್ಕ ಹನ್ನೊಂದೇ ದಿನದಲ್ಲಿ ಕಳೆದುಕೊಂಡಳು. ಹಿತ್ತಲಿನ ಕೆಮ್ಮಣ್ಣು ತುಂಬಿ, ತುಳಸಿಗೆ ಹಾಕಿದಂತೆ ಬೆಳಿಗ್ಗೆ ಸಂಜೆ ನೀರು ಹಾಕಿದ್ದಳು. ಎಲೆಯ ಮೇಲೆ ಬೀಳದಂತೆ ಬುಡಕ್ಕೇ ಹಾಕಿದರೂ ಅಂಟುಮಣ್ಣು ನೀರನ್ನು ಬಿಡದೆ ಹಿಡಿದುಕೊಂಡು ತೊಟ್ಟನ್ನು ಕೊಳೆಸಿಬಿಟ್ಟಿತು. ಕಪ್ಪಾಗಿ ಕರಗಿದ ಆ ತೊಟ್ಟನ್ನು ನೋಡಿದಾಗ ಅವಳಿಗೆ ತಿಳಿಯಿತು, ಅಕ್ಕರೆ ಹೆಚ್ಚಾದರೂ ಸಾವೇ... ಎರಡನೆಯ ಎಲೆಗೆ ಅವಳು ಹೊಂಗೆಮರದಡಿಯ ಎಲೆಗೊಬ್ಬರವನ್ನು ಜರಡಿ ಹಿಡಿದು, ಅದಕ್ಕೆ ಸಮವಾಗಿ ಮರಳು ಸೇರಿಸಿ, ಒಂದು ಹಿಡಿ ಇದ್ದಿಲ ಪುಡಿ ಬೆರೆಸಿದಳು. ಅಂಗೈಯಗಲದ ಕುಂಡದ ತಳಕ್ಕೆ ತೂತು ಮಾಡಿಸಿ, ಮಡಕೆಯ ಮುಚ್ಚಳದಲ್ಲಿ ಎರಡು ಬೆರಳು ನೀರಿಟ್ಟು, ಕುಂಡವನ್ನು ಅದರಲ್ಲಿ ಕೂರಿಸಿ, ಮೇಲ್ಮಣ್ಣು ತೇವಗೊಂಡ ಕೂಡಲೇ ಎತ್ತಿಬಿಡುವುದನ್ನು ಕಲಿತಳು. ಕುಡಿಯುವ ನೀರಿನ ಗುಡಾಣಗಳ ಪಕ್ಕದಲ್ಲಿ, ಬಡಗಣ ಕಿಟಕಿಯ ಕಟ್ಟೆಯ ಮೇಲೆ ಅದರ ಸ್ಥಾನ. ಅಲ್ಲಿ ಬಿಸಿಲು ಬಾರದು. ಆದರೆ ಬಂಡೆಗೆ ಬಡಿದು ಹಿಂತಿರುಗಿದ ಬೆಳಕು ಹಗಲೆಲ್ಲ ಹಾಲಿನಂತೆ ತುಂಬಿರುತ್ತಿತ್ತು.

ಅರವತ್ತೆಂಟನೆಯ ದಿನ ಎಲೆಯ ಬುಡದಲ್ಲಿ ಇಲಿಯ ಕಿವಿಯಷ್ಟು ಪುಟ್ಟ ಚಿಗುರು ಮೂಡಿತು. ಚೈತ್ರ ವೈಶಾಖಗಳ ಬೇಗೆಯಲ್ಲಿ, ಬೆಟ್ಟವೇ ಕಾದ ಹೆಂಚಾಗಿ ಉಸಿರುವ ಆ ದಿನಗಳಲ್ಲಿ, ಅವಳು ಕುಂಡದ ಸುತ್ತ ಒದ್ದೆ ಮರಳು ಹರಡಿ ತಂಪು ಕಾಯ್ದಳು. ಎಲೆಯ ಮೇಲಿನ ಧೂಳನ್ನು ನವಿಲುಗರಿಯಿಂದ ಮೆಲ್ಲಗೆ ಒರೆಸುತ್ತಿದ್ದಳು. ಪಕ್ಕದ ಮನೆಯ ಆಂಜಿನಮ್ಮ ನೀರಿಗೆ ಬಂದಾಗಲೆಲ್ಲ, ಬಾಣಂತಿ ಹೇಗಿದ್ದಾಳೆ, ಹೊಗೆ ಹಾಕಿದ್ದಾಯಿತೇ ಎಂದು ಕಿಟಕಿಯ ಕಡೆ ಕಣ್ಣು ಹೊಡೆದು ಹೋಗುವಳು. ಜಯಕ್ಕ ನಕ್ಕು ಕುಂಡವನ್ನು ತುಸು ಮರೆಗೆ ಸರಿಸುವಳು.

ಓಬಳೇಶನ ಕಾಗದಗಳು ತಿಂಗಳಿಗೊಂದರಂತೆ ಬೊಮ್ಮಣ್ಣನ ಹೆಸರಿಗೇ ಬರುತ್ತಿದ್ದವು. ಕ್ಷೇಮಸಮಾಚಾರ, ದಂಡಿನ ಮಳೆಬೆಳೆ, ಕಡೆಯಲ್ಲಿ ಒಂದೇ ಒಂದು ಸಾಲು: "ಗಿಡಕ್ಕೆ ಮೇಲಿನಿಂದ ನೀರು ಬಿಡಕೂಡದೆಂದು ತಿಳಿಸುವುದು." ಅಪ್ಪನಿಗೆ ಕಾಗದ ಓದಿ ಹೇಳುತ್ತಿದ್ದವಳು ಜಯಕ್ಕನೇ. ಆ ಸಾಲಿಗೆ ಬಂದಾಗ ಅವಳ ದನಿ ತಾನಾಗಿ ತಗ್ಗುತ್ತಿತ್ತು. ಪ್ರೇಮಪತ್ರಗಳಲ್ಲಿ ಚಂದ್ರನೂ ಕೋಗಿಲೆಯೂ ಬರಬೇಕೆಂದು ಯಾರು ಹೇಳಿದರು? ಗಿಡಕ್ಕೆ ನೀರು ಬಿಡಕೂಡದೆಂಬ ಆ ಒಣ ಆಜ್ಞೆಯಲ್ಲಿ ಅವಳಿಗೆ ಒಂದು ಇಡೀ ವಸಂತ ಕೇಳಿಸುತ್ತಿತ್ತು...

ಆದರೆ ಆ ಮನೆಯಲ್ಲಿ ಜಯಕ್ಕನ ಮೇಲೆ ಇನ್ನೊಂದು ಹಕ್ಕು, ಮಾತಿಲ್ಲದೆ, ಅವಳು ಹುಟ್ಟಿದ ದಿನದಿಂದಲೂ ಇತ್ತು. ಮುದ್ದಕ್ಕನ ತಮ್ಮ ಕದರಪ್ಪ, ಸಿರಾ ತಾಲ್ಲೂಕಿನ ಬರಗೂರಿನವನು, ಸೋದರಮಾವ. ಮೂವತ್ತರ ಹತ್ತಿರದ, ಅಗಲ ಭುಜದ, ಮಾತು ಕಡಿಮೆಯ ಮನುಷ್ಯ. ಹೊಲವೂ ಕುರಿಯೂ ಇದ್ದವು. ಅಕ್ಕನ ಮಗಳು ತನಗೇ ಎಂದು ಎಲ್ಲೂ ಹೇಳಿಕೊಂಡವನಲ್ಲ. ಬೇರೆ ಕಡೆ ಹೆಣ್ಣು ನೋಡಿದವನೂ ಅಲ್ಲ. ಆ ವರ್ಷ ದಸರೆಗೆ ಬಂದವನು ಕಿಟಕಿಯ ಮುಂದೆ ಬಹಳ ಹೊತ್ತು ನಿಂತು, ಒರಟು ಬೆರಳಿನ ಹಿಂಭಾಗದಿಂದ ಎಲೆಯೊಂದನ್ನು ಸವರಿ ಕೇಳಿದ:

"ಕುರಿಮರಿ ಕಿವಿ ಇದ್ದಂಗೈತಲ್ಲಮ್ಮಿ. ಇದರ ಬೀಜ ಎಲ್ಲಿರ್ತದೆ?"

"ಬೀಜ ಬ್ಯಾಡ ಮಾವ. ಎಲೆ ನೆಟ್ರೆ ಗಿಡ."

"ಎಲೆಯಿಂದ್ಲಾ!" ಎಂದು ಅವನು ಬೆರಗಿನಿಂದ ಕುಳಿತೇಬಿಟ್ಟ. ಯಾವ ಮಣ್ಣು, ಎಷ್ಟು ದಿನ, ನೀರು ಹೇಗೆ ಎಂದೆಲ್ಲ ಒಂದೊಂದಾಗಿ ವಿಚಾರಿಸಿದ. ಜಯಕ್ಕ ಹೇಳಿದಳು, ಮಾವನಿಗೆ ಹೇಳುತ್ತಿದ್ದೇನೆ ಎಂಬ ಅರಿವೂ ಇಲ್ಲದೆ, ತನ್ನ ಸಂತೋಷವನ್ನು ತಾನೇ ಕೇಳಿಸಿಕೊಳ್ಳುವವಳಂತೆ ಹೇಳಿದಳು. ಗಿಡ ಎಲ್ಲಿಂದ ಬಂತೆಂದು ಅವನು ಕೇಳಲಿಲ್ಲ.

ಕಾರ್ತಿಕದ ಮೊದಲ ವಾರ ಮೊಗ್ಗಿನ ಗೊಂಚಲು ಬಿರಿಯಿತು. ನಡುವೆ ಎರಡು ಅರಿಸಿನ ಚುಕ್ಕೆ, ಸುತ್ತ ಐದು ದಳಗಳ ಗಾಢ ನೇರಳೆ; ಮಳೆ ತೊಳೆದ ಮುಸ್ಸಂಜೆಯಲ್ಲಿ ಬೆಟ್ಟದ ಹಿಂದೆ ಕಡೆಯದಾಗಿ ಉಳಿಯುವ ಬಣ್ಣ... ಅದೇ ದಿನ ಕಾಗದ ಹೋಯಿತು. ಮೂರನೆಯ ದಿನ ಅವಳು ನವಿಲುಗರಿ ತಾಕಿಸಿದಾಗ ಒಂದು ವಿಚಿತ್ರ ನಡೆಯಿತು. ಬಾಡದ, ಸುಕ್ಕದ, ತಾಜಾ ಹೂವೊಂದು ಗರಿ ಮುಟ್ಟಿದ ಮಾತ್ರಕ್ಕೆ ತೊಟ್ಟಿನಿಂದ ಇಡಿಯಾಗಿ ಕಳಚಿ ಕೆಳಗೆ ಬಿತ್ತು. ಎಷ್ಟು ಸುಲಭವಾಗಿ ಬಿಟ್ಟುಕೊಡುವ ಹೂವು ಎಂದು ಅವಳು ಬೆರಗಾದಳು. ಆ ಬೆರಗನ್ನು ಅವಳು ಮರೆತಿದ್ದರೆ ಎಷ್ಟು ಚೆನ್ನಾಗಿತ್ತು!

ಓಬಳೇಶ ರಜೆ ಹಾಕಿ ಬಂದ. ಅವನ ಅತ್ತೆ ಭೀಮಕ್ಕ ವೀಳ್ಯದೆಲೆ ಹಿಡಿದು ಬೊಮ್ಮಣ್ಣನ ಮನೆಗೆ ಬಂದು ಹೆಣ್ಣು ಕೇಳಿದಳು. ಮುದ್ದಕ್ಕ ಒಳಗಿನಿಂದ, ಒಡಹುಟ್ಟಿದವನ ಬಾಯಿಗೆ ಮಣ್ಣು ಹಾಕಿ ಯಾವ ಮುಖ ಹೊತ್ತು ತವರಿಗೆ ಹೋಗಲಿ ಎಂದಳು. ಎರಡು ಕಡೆಗೂ ಬೇಡವೆನ್ನಲಾರದ ಬೊಮ್ಮಣ್ಣ, ಅಂಥ ಸಂಕಟದಲ್ಲಿ ಆ ಕೇರಿಯ ಗಂಡಸರೆಲ್ಲ ತಲೆತಲಾಂತರದಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದ. ಮನೆದೇವರು ಬಂಡೆಯಮ್ಮನಲ್ಲಿ ಹೂ ಕೇಳುವುದೆಂದು ನಿಶ್ಚಯಿಸಿದ.

ಬೆಟ್ಟದ ಬುಡದಲ್ಲಿ, ಉರುಳಿಬಂದ ಗುಂಡುಗಳ ಸಂದಿಯಲ್ಲಿ, ಆಳೆತ್ತರದ ಒಂದು ಕಲ್ಲು, ಅದೇ ಬಂಡೆಯಮ್ಮ. ಹೆಣ್ಣು ತನ್ನ ಕೈಯಾರೆ ತಂದ ಹೂವನ್ನು ಪೂಜಾರಿ ನೀರಲ್ಲಿ ಅದ್ದಿ ಅಮ್ಮನ ಹಣೆಗೆ ಅಂಟಿಸುತ್ತಾನೆ. ಬಲಕ್ಕೆ ಬಿದ್ದರೆ ಒಪ್ಪಿಗೆ. ಎಡಕ್ಕೆ ಬಿದ್ದರೆ ಬೇಡ. ಬೀಳದೇ ಹೋದರೆ ಅದು ಎಡಕ್ಕಿಂತಲೂ ಕಠಿಣ: ಅಮ್ಮ ಹೂ ಕೊಡಲಿಲ್ಲ, ಆ ಮಾತನ್ನು ಮತ್ತೆ ಎತ್ತುವಂತಿಲ್ಲ. ಸಾಮಾನ್ಯವಾಗಿ ಒಯ್ಯುವುದು ಕಣಗಿಲೆ ಹೂವನ್ನು. ಅಂಟಿಸಿದ ಸ್ವಲ್ಪ ಹೊತ್ತಿಗೆ ತನ್ನ ತೂಕಕ್ಕೆ ತಾನೇ ಜಾರುತ್ತದೆ. ಹಿತ್ತಲಿನಲ್ಲಿ ಕಣಗಿಲೆ ಧಾರಾಳವಾಗಿತ್ತು. ಜಯಕ್ಕ ಅದರ ಕಡೆಗೆ ಕೈಚಾಚಿ, ನಿಂತಳು.

ಅವಳ ಮನಸ್ಸಿನಲ್ಲಿ ಆ ಕ್ಷಣ ಹಾದುಹೋದದ್ದು ಭಕ್ತಿಯಲ್ಲ. ಗರಿ ಸೋಕಿದರೆ ಬೀಳುವ ಹೂವು ಒಂದಿದೆ. ಪೂಜಾರಿ ಕೊಂಚ ಬಲಕ್ಕೆ ವಾಲಿಸಿ ಅಂಟಿಸಿದರೆ ಸಾಕು, ಎಡಕ್ಕೆ ಹೊರಳುವಷ್ಟು ಹೊತ್ತೂ ಅದು ನಿಲ್ಲಲಾರದು. ಗಾಳಿ ಸುಳಿದರೆ ಬಿದ್ದೇಬೀಳುತ್ತದೆ... ದೇವಿಗೆ ಮೋಸ ಮಾಡುವ ಉದ್ದೇಶವಿರಲಿಲ್ಲ. ದೇವಿಗೆ ತುಸು ಅನುಕೂಲ ಮಾಡಿಕೊಡುವ ಆತುರವಿತ್ತು. ಕಿಟಕಿಯ ಕಟ್ಟೆಗೆ ಹೋಗಿ ಅವಳು ಎಲ್ಲಕ್ಕಿಂತ ಚೆಲುವಾದ ನೇರಳೆ ಹೂವನ್ನು ತಟ್ಟೆಗೆ ಉದುರಿಸಿಕೊಂಡಳು.

ಆ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಯ ಸಮಯ. ಎರಡು ಮನೆಯವರೂ ಸೇರಿದ್ದರು. ಬರಗೂರಿನಿಂದ ಕದರಪ್ಪನನ್ನು ಕರೆಸಿದ್ದರು. ಪೂಜಾರಿ ಚಿಕ್ಕರಂಗಯ್ಯ ತಟ್ಟೆ ನೋಡಿ, ಇದ್ಯಾವ ಸೀಮೆಯ ಹೂವೆಂದು ಹುಬ್ಬೇರಿಸಿದ. ಮನೆಯಲ್ಲಿ ಬೆಳೆದದ್ದೆಂದು ಜಯಕ್ಕ ಹೇಳಿದಾಗ, ಹಾಗಾದರೆ ಅಡ್ಡಿಯಿಲ್ಲವೆಂದ. ಕಲ್ಲುಗುಂಡಿಗೆ ಒರಗಿ ನಿಂತಿದ್ದ ಓಬಳೇಶನ ದೃಷ್ಟಿ ಆ ನೇರಳೆ ಚುಕ್ಕೆಯ ಮೇಲೆ ಬಿತ್ತು. ಅವನ ಕೈ ಅರ್ಧ ಮೇಲೆದ್ದಿತು, ತುಟಿ ತೆರೆಯಿತು, ಮತ್ತೆ ಮುಚ್ಚಿತು. ತನ್ನ ಗಿಡದ ಹೂ ಕಂಡು ಅವನು ಹಿಗ್ಗಿದನೆಂದು ಜಯಕ್ಕ ತಿಳಿದಳು.

ಚಿಕ್ಕರಂಗಯ್ಯ ಹೂವನ್ನು ಚೆಂಬಿನ ನೀರಲ್ಲಿ ಅದ್ದಿದ. ಓಬಳೇಶನಿಗೆ ಕೊಡುವುದಾದರೆ ಬಲಗಡೆ ಕೊಡು ತಾಯಿ ಎಂದು ಗಟ್ಟಿಯಾಗಿ ಕೇಳಿ, ಅಮ್ಮನ ಹಣೆಗೆ ಒತ್ತಿದ. ಅಮ್ಮನ ಮುಂದೆ ಹಚ್ಚಿಟ್ಟ ದೀಪದ ಬತ್ತಿ ಉರಿದು ಮುಗಿಯುವವರೆಗೆ ಕಾಯುವುದು ವಾಡಿಕೆ. ಜಯಕ್ಕ ಬತ್ತಿಯನ್ನು ನೋಡಲಿಲ್ಲ, ಹೂವನ್ನೇ ನೋಡಿದಳು. ಗಾಳಿ ಬಂತು, ಮಾವಿನ ತೋರಣ ಅಲುಗಿತು, ಕದರಪ್ಪನ ಹೆಗಲ ವಸ್ತ್ರ ಹಾರಿತು, ಹೂವು ಮಿಸುಕಲಿಲ್ಲ. ತೆಳುವಾದ ಆ ದಳಗಳು ನೀರು ಕುಡಿದು, ಒದ್ದೆ ಬಟ್ಟೆ ಗೋಡೆಗೆ ಮೆತ್ತಿದಂತೆ, ಕಲ್ಲಿನ ಒರಟು ಮೈಗೆ ಮೆತ್ತಿಕೊಂಡಿದ್ದವು. ಅಂಟಿಸಿದ್ದು ಬಾಡಿತು, ಕಪ್ಪಿಟ್ಟಿತು, ಬೀಳಲಿಲ್ಲ... ಬತ್ತಿ ಆರಿತು.

"ಅಮ್ಮ ಕೊಡಲಿಲ್ಲ ಕಣಪ್ಪ," ಎಂದ ಚಿಕ್ಕರಂಗಯ್ಯ.

ಸಹೃದಯರೇ, ಲಕ್ಷ ಲಕ್ಷ ಕೊಡ ಮಳೆಯನ್ನು ನಿರ್ಮೋಹದಿಂದ ಜಾರಿಸಿಬಿಡುವ ಕಲ್ಲಿನ ಕುಲವದು. ಗುಂಜಿಯ ತೂಕವೂ ಇಲ್ಲದ ಒಂದು ಹೂವನ್ನು ಬಿಡಲಾರದೆ ಹೋಯಿತು!

ಮನೆಗೆ ಬಂದ ಜಯಕ್ಕ ಅಳಲಿಲ್ಲ. ಮಧ್ಯಾಹ್ನ ತಾಯಿ ಮಲಗಿದ ಮೇಲೆ ಕುಂಡದಲ್ಲಿ ಉಳಿದಿದ್ದ ಇನ್ನೊಂದು ಹೂವನ್ನು ತೆಗೆದು, ನೀರಲ್ಲಿ ಅದ್ದಿ, ಹಿತ್ತಲಿನಲ್ಲಿ ನಿಲ್ಲಿಸಿದ್ದ ಬಟ್ಟೆ ಒಗೆಯುವ ಚಪ್ಪಡಿಗೆ ಅಂಟಿಸಿದಳು. ಅದರ ಪಕ್ಕದಲ್ಲಿ ಒಂದು ಕಣಗಿಲೆಯನ್ನೂ ಅಂಟಿಸಿದಳು. ಕಣಗಿಲೆ, ಅವಳು ಸೆರಗಿನಿಂದ ಕೈಯೊರೆಸಿಕೊಳ್ಳುವುದರೊಳಗೆ ಬಿತ್ತು. ನೇರಳೆ ಹೂವು ಸಂಜೆಯವರೆಗೂ ಬೀಳಲಿಲ್ಲ. ಉಗುರಿನಿಂದ ಕೆರೆದು ತೆಗೆಯಬೇಕಾಯಿತು. ಹಾಗಾದರೆ ಬೇಡವೆಂದದ್ದು ಅಮ್ಮನಲ್ಲ, ನೀರು! ಮೇಲಿನಿಂದ ನೀರು ಬಿಡಕೂಡದೆಂದು ಹತ್ತು ತಿಂಗಳು ಓದಿದ ಸಾಲು ಅವಳ ಎದೆಯಲ್ಲಿ ಮಿಂಚಿನಂತೆ ಹೊಳೆಯಿತು. ಮತ್ತೊಮ್ಮೆ ಕೇಳಬಹುದು, ಹೂವಿನ ಗುಣವೇ ಹೀಗೆಂದು ತಿಳಿದವನೊಬ್ಬ ಹಿರಿಯರ ಮುಂದೆ ನಿಂತು ಹೇಳಿದರೆ ಸಾಕು. ತಿಳಿದವನು ಇದ್ದೇ ಇದ್ದಾನೆ...

ಮರುದಿನ ಬೆಳಿಗ್ಗೆ ಓಬಳೇಶ ಹೋಗಿಬರುತ್ತೇನೆಂದು ಹೇಳಲು ಬಂದ. ಬೊಮ್ಮಣ್ಣ ಕಚೇರಿಗೆ ಹೋಗಿದ್ದ. ಮುದ್ದಕ್ಕ ಮಜ್ಜಿಗೆ ತರಲು ಒಳಗೆ ಹೋದಳು. ಜಯಕ್ಕ ಕಿಟಕಿಯ ಒಳಗಿನಿಂದ, ಒಂದೇ ಉಸಿರಿಗೆ, ಚಪ್ಪಡಿಯ ಮೇಲೆ ಕಂಡದ್ದನ್ನೆಲ್ಲ ಹೇಳಿದಳು. ನೀನೊಂದು ಮಾತು ಹೇಳು, ಪೂಜಾರಪ್ಪ ಕೇಳುತ್ತಾನೆ ಎಂದಳು. ಅವನು ನೆಲ ನೋಡುತ್ತ ನಿಂತಿದ್ದ.

"ನಂಗೊತ್ತಿತ್ತು," ಎಂದ.

ಅವಳಿಗೆ ಅರ್ಥವಾಗಲಿಲ್ಲ.

"ತಟ್ಟೇಲಿ ನೋಡ್ದಾಗ್ಲೇ ಗೊತ್ತಾಯ್ತು. ಒದ್ದೆ ಆದ್ರೆ ಅದು ಬೀಳಾಕಿಲ್ಲ."

"ಮತ್ತೆ ಯಾಕೆ ಬಾಯಿ ಬುಡ್ಲಿಲ್ಲ?"

ಹೊರಗೆ ಬೀದಿಯಲ್ಲಿ ತುಮಕೂರಿಗೆ ಹೋಗುವ ಮೋಟಾರು ಹಾರನ್ನು ಮೊಳಗಿಸಿತು. ಓಬಳೇಶ ಅತ್ತ ನೋಡಿದ, ಇತ್ತ ನೋಡಲಿಲ್ಲ.

"ದೊರೆಸಾನಿ ಬರೋ ತಿಂಗ್ಳು ಊಟಿಗೆ ಹೋಯ್ತಾರೆ. ಅಲ್ಲಿ ಗಾಜಿನ ಮನೆ ಐತೆ. ಒಂಟಿ ಆಗಿದ್ರೆ ಬಾ, ದೊಡ್ಡ ಮಾಲಿ ಮಾಡ್ತೀನಿ ಅಂದವ್ರೆ. ನಿಂಗೆ ಮಾತು ಕೊಟ್ಟಿದ್ದೆ... ನನ್ನ ಬಾಯಾಗೆ ಬ್ಯಾಡ ಅನ್ನಕ್ಕಾಗ್ಲಿಲ್ಲ. ಅಮ್ಮನೇ ಹೇಳ್ಲಿ ಅಂತ ಬುಟ್ಬುಟ್ಟೆ."

ಬಡಗಣ ಬೆಳಕಿನಲ್ಲಿ ಗಿಡದ ಎಲೆಗಳು ಎಂದಿನಂತೆ ಹೊಳೆಯುತ್ತಿದ್ದವು. ಜಯಕ್ಕ ಅವುಗಳನ್ನೇ ನೋಡುತ್ತ ಹೇಳಿದಳು:

"ಅಮ್ಮ ಏನೂ ಹೇಳ್ಲಿಲ್ಲ ಕಣೋ. ನೀನೂ ಹೇಳ್ಲಿಲ್ಲ."

ಅವನು ಮಜ್ಜಿಗೆ ಕುಡಿಯದೆ ಹೋದ. ಅವಳು ಹಿರಿಯರಿಗೆ ಸತ್ಯ ಹೇಳಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಹೇಳಬೇಕಾದರೆ ತಾನು ಕಣಗಿಲೆಯನ್ನು ಬಿಟ್ಟು ಆ ಹೂವನ್ನೇ ಏಕೆ ಆರಿಸಿದೆನೆಂಬುದನ್ನೂ ಹೇಳಬೇಕಾಗುತ್ತಿತ್ತು. ಅಷ್ಟು ಲಜ್ಜೆಯನ್ನು ಬೆಲೆಯಾಗಿ ತೆತ್ತು ಕೊಳ್ಳಬೇಕಾಗಿದ್ದ ಮನುಷ್ಯ ಯಾರು? ಮೋಟಾರು ಹಿಡಿದು ಹೋದವನು... ಅವಳು ಬಾಯಿ ಬಿಡಲಿಲ್ಲ.

ಮುಂದಿನ ವೈಶಾಖದಲ್ಲಿ ಕದರಪ್ಪನೊಡನೆ ಮದುವೆಯಾಯಿತು. ಬರಗೂರಿಗೆ ಹೋಗುವಾಗ ಅವಳು ಕುಂಡವನ್ನು ಬಿಟ್ಟುಹೋಗಬೇಕೆಂದಿದ್ದಳು. ಎತ್ತಿಕೊಂಡು ಬಂದು ಗಾಡಿಯಲ್ಲಿ ಅವಳ ತೊಡೆಯ ಮೇಲಿಟ್ಟವನು ಕದರಪ್ಪನೇ. ಮನೆಯ ಬಡಗಣ ಗೋಡೆಯ ಕಿಂಡಿಯನ್ನು ಅವನು ಮೊದಲೇ ಒಡೆಸಿ ಅಗಲ ಮಾಡಿಸಿದ್ದ. ಕೆಳಗೊಂದು ಹಲಗೆ ಬಡಿದಿದ್ದ. ಜಯಕ್ಕ ಕುಂಡವನ್ನು ಆ ಹಲಗೆಯ ಮೇಲಿಟ್ಟು ಹಿಂದೆ ಸರಿದಳು. ಪಾಪದವನೆಂದು ಮರುಗುವಷ್ಟು ಉದಾರತೆ ಅವಳಲ್ಲಿ ಉಳಿದಿರಲಿಲ್ಲ. ಪ್ರೀತಿಸುವಷ್ಟು ಶಕ್ತಿಯೂ ಇರಲಿಲ್ಲ. ದಿನವೂ ಎದ್ದು ಆ ಗಿಡವನ್ನು ನೋಡಬೇಕಲ್ಲ ಎಂಬ ಭಯವೊಂದೇ ಇತ್ತು.

ಆಷಾಢದಲ್ಲಿ ಗಾಳಿ ಎದ್ದಿತು. ಗಿಡ ಮತ್ತೆ ಮೊಗ್ಗು ಹಿಡಿಯಿತು. ಒಂದು ಬೆಳಿಗ್ಗೆ ಜಯಕ್ಕ ಚೆಂಬಿನ ತುಂಬ ತಣ್ಣೀರು ತಂದು, ಹಲಗೆಯ ಮುಂದೆ ನಿಂತು, ಎಲೆಗಳ ನಟ್ಟನಡುವಿನ ಸುಳಿಗೆ, ಮೇಲಿನಿಂದ, ಧಾರೆಯಾಗಿ ನೀರು ಬಿಟ್ಟಳು. ನಮ್ಮ ನುಡಿಯಲ್ಲಿ ನೀರು ಬಿಡುವುದು ಬದುಕಿಸುವುದಕ್ಕೂ ಹೌದು. ಎಳ್ಳಿನ ಜೊತೆಯಲ್ಲಿ, ಹೋದವರನ್ನು ಕಳಿಸಿಕೊಡುವುದಕ್ಕೂ ಹೌದು. ಎಂಟು ದಿನ ಹಾಗೆ ಬಿಟ್ಟಳು. ಸುಳಿ ಕಂದಿ, ಕೊಳೆತು, ಕುಸಿಯಿತು. ರೋಮಶವಾದ ಎಲೆಗಳ ಮೇಲೆ ಕಂದು ಮಚ್ಚೆಗಳೆದ್ದವು. ಹತ್ತನೆಯ ದಿನ ಅವಳು ಕುಂಡವನ್ನು ತಿಪ್ಪೆಗೆ ಬೋರಲು ಹಾಕಿ, ಬರಿಯ ಹಲಗೆಯನ್ನು ಒರೆಸಿ, ಅದರ ಮೇಲೆ ಉಪ್ಪಿನ ಮಡಕೆ ಇಟ್ಟಳು. ಎದೆಯೊಳಗೆ ಏನೋ ಮುಗಿಯಿತೆನಿಸಿತು. ಶಾಂತಿಯೆಂದು ಕರೆಯಬಹುದಾದಷ್ಟು ಬರಿದಾಯಿತು.

ಮಹಾನವಮಿಯ ಹಿಂದಿನ ದಿನ ಕದರಪ್ಪ ಕುರಿಹಟ್ಟಿಯಿಂದ ಬಂದವನು ಬೆನ್ನ ಹಿಂದೆ ಏನನ್ನೋ ಮರೆಮಾಡಿಕೊಂಡಿದ್ದ. ಅವಳ ಮುಂದೆ ಇಟ್ಟ. ಒಡೆದ ಗಡಿಗೆಯ ತಳ. ಅದರಲ್ಲಿ ಜರಡಿ ಹಿಡಿದ ಎಲೆಗೊಬ್ಬರ, ಮರಳು, ಇದ್ದಿಲು. ನಡುವೆ ನೆಟ್ಟ ಒಂದು ಹಳೆಯ ಎಲೆ, ಎಲೆಯ ಬುಡದಲ್ಲಿ ಇಲಿಯ ಕಿವಿಯಷ್ಟು ಪುಟ್ಟದಾದ ಮೂರು ಚಿಗುರು.

"ಎರಡು ಎಲೆ ಕಿತ್ತಿದ್ದೆ," ಎಂದ. "ಒಂದು ಕೊಳ್ತೋಯ್ತು. ಇದು ಉಳ್ಕೊಂಡೈತೆ ನೋಡು."

ಜಯಕ್ಕನ ಕೈಯಲ್ಲಿದ್ದ ಮೊರ ನಿಂತಿತು. ಯಾವಾಗ ಕಿತ್ತದ್ದು ಎಂದು ಕೇಳಿದಳು.

"ನೀನು ನೀರು ಬುಡಾಕೆ ಸುರು ಮಾಡಿದ್ಯಲ್ಲ, ಅವತ್ತೇ."

"ನೋಡಿದ್ರಾ ಮಾವ?"

"ನೋಡ್ದೆ. ಯಾಕೆ ಅಂತ ಕೇಳಾಕ್ ಹೋಗ್ಲಿಲ್ಲ." ಅವನು ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ. "ಗಿಡ ಏನು ಮಾಡಿತ್ತಮ್ಮಿ, ಪಾಪ."

ಅವಳು ಆ ಮೂರು ಚಿಗುರುಗಳನ್ನು ನೋಡಿದಳು. ತಾನು ಕೊಂದದ್ದನ್ನು ಇವನು ಬದುಕಿಸಿದ್ದಾನೆ. ಇನ್ನು ಮತ್ತೊಮ್ಮೆ ಕೊಲ್ಲಲು ತನ್ನಿಂದಾಗದು. ಇವನ ಮನೆಯಲ್ಲಿ, ಇವನು ಬಡಿದ ಹಲಗೆಯ ಮೇಲೆ, ಆ ನೇರಳೆ ಬಣ್ಣ ವರ್ಷ ವರ್ಷವೂ ಅರಳುತ್ತದೆ, ಪ್ರತಿಯೊಂದು ಹೂವೂ ಮುಟ್ಟಿದರೆ ಕಳಚಿ ಬೀಳುತ್ತದೆ... ಇಂಥ ದಯೆಯನ್ನು ಅವಳು ಬೇಡಿರಲಿಲ್ಲ. ಬೇಡದ ದಯೆಯಷ್ಟು ಭಾರವಾದ ಸಾಲ ಬೇರೊಂದಿಲ್ಲ.

ಕದರಪ್ಪ ಚೆಂಬಿನತ್ತ ಕೈಚಾಚಿ ತಡೆದು ನಿಂತ, ಅಪ್ಪಣೆಗೆ ಕಾಯುವವನಂತೆ. ಜಯಕ್ಕ ಎದ್ದು, ಉಪ್ಪಿನ ಮಡಕೆಯನ್ನು ಹಲಗೆಯಿಂದ ಕೆಳಗಿಳಿಸಿದಳು. ಒಂದು ಮುಚ್ಚಳದಲ್ಲಿ ಎರಡು ಬೆರಳು ನೀರು ಹಾಕಿ ತಂದಿಟ್ಟಳು.

"ಮ್ಯಾಲಿಂದ ಬುಡಬ್ಯಾಡ್ರಿ," ಎಂದಳು. "ಕೆಳಗಿಂದ್ಲೇ ಕುಡೀಲಿ."

ಆ ಮಾತನ್ನು ತಾನು ಯಾರ ದನಿಯಲ್ಲಿ ಮೊದಲು ಕೇಳಿದ್ದೆನೆಂಬುದು ಅವಳಿಗೆ ಗೊತ್ತಿತ್ತು. ಅವನಿಗೆ ಗೊತ್ತಿತ್ತೋ ಇಲ್ಲವೋ, ಅವನು ಕೇಳಲಿಲ್ಲ. ಹೊರಗೆ ಹಿಂಗಾರಿನ ಮೊದಲ ಹನಿಗಳು ಬಿಸಿಮಣ್ಣಿನ ಮೇಲೆ ಬಿದ್ದು ಆರಿಹೋಗುತ್ತಿದ್ದವು.

ಇಬ್ಬರು ಗಂಡಸರು ಅವಳ ಬಾಳಿನಲ್ಲಿ ಒಂದೊಂದು ಸಲ ಬಾಯಿ ಬಿಡದೆ ಉಳಿದರು. ಒಬ್ಬನ ಮೌನ ಅವಳಿಂದ ಎಲ್ಲವನ್ನೂ ಕಸಿದುಕೊಂಡಿತು. ಇನ್ನೊಬ್ಬನದು ಅವಳಿಗೆ ಬೇಡವಾದದ್ದನ್ನೂ ಉಳಿಸಿಕೊಟ್ಟಿತು. ಹೊರಗಿನಿಂದ ನೋಡು‌ವವರಿಗೆ ಎರಡೂ ಒಂದೇ ಬಗೆಯ ಕಲ್ಲು. ಮನುಷ್ಯಹೃದಯವೂ ಬಹುಶಃ ಹೀಗೆಯೇ... ಮೇಲಿನಿಂದ ಸುರಿದ ಅಕ್ಕರೆ ಅದರ ಸುಳಿಯನ್ನು ಕೊಳೆಸಬಹುದು. ಯಾರ ಕಣ್ಣಿಗೂ ಬೀಳದಂತೆ ಬುಡದಲ್ಲಿ ಇಟ್ಟ ಎರಡು ಬೆರಳು ನೀರನ್ನು ಅದು ತನಗೆ ತಿಳಿಯದಂತೆಯೇ ಹೀರಿಕೊಂಡುಬಿಡುತ್ತದೆ. ಹೀರಿಕೊಂಡ ಮಾತ್ರಕ್ಕೆ ಹೂ ಬಿಟ್ಟೀತೆಂದು ಯಾರೂ ಹೇಳಲಾರರು. ಬದುಕುತ್ತದೆ, ಅಷ್ಟೇ!